ತರಗೆಲೆಯ ಕೆಳಗೆ

ದೀಪಾವಳಿ ಕಳೆದರೆ ಕೊಪ್ಪದ ಕೆಂಪಾಜಮ್ಮನ ಹಿತ್ತಲಲ್ಲಿ ಒಂದೇ ಒಂದು ಎಲೆ ಬಿದ್ದಿರುವಂತಿರಲಿಲ್ಲ. ಗುಡಿಸಿ ಬೆಂಕಿ ಇಟ್ಟರೇ ಅವರಿಗೆ ಸಮಾಧಾನ. ಈ ಸಲ ಸೊಸೆ ಅರ್ಪಿತ ಹಲಸಿನ ತರಗೆಲೆಯನ್ನೆಲ್ಲ ಬದನೆ ಪಾತಿಗೆ ಹೊದಿಸಿ ಯಲಿಯೂರಿನ ತವರಿಗೆ ಹೋಗಿದ್ದಳು.

"ಇತ್ಲು ತುಂಬ ಕಸ ಅರಡ್ಬುಟ್ಟು ಓಗವ್ಳಲ್ಲ, ನೋಡ್ದೋರು ಏನಂದಾರು?" ಎಂದು ಸಿಡುಕುತ್ತ ಕೆಂಪಾಜಮ್ಮ ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎಲೆ ಎಳೆದರು.

ಕೈ ಅಲ್ಲೇ ನಿಂತಿತು. ಎಂಟು ದಿನ ನೀರು ಕಾಣದ ಮಣ್ಣು ಕಪ್ಪಗೆ, ತಣ್ಣಗೆ ಒದ್ದೆಯಾಗಿತ್ತು. ಎರೆಹುಳುಗಳು ಮಿಸುಕಾಡಿದವು. ಮರಿಗಳನ್ನೆಲ್ಲ ಬೆನ್ನ ಮೇಲೆ ಹೊತ್ತ ಜೇಡವೊಂದು ಅವರ ಬೆರಳು ದಾಟಿ ನಿಧಾನವಾಗಿ ನಡೆಯಿತು. ನಲವತ್ತು ವರ್ಷ ತಾನು ಗುಡಿಸಿದ ನೆಲ ಇದೇನಾ! ಉಸಿರು ಬಿಗಿಹಿಡಿದು ಎಲೆಯನ್ನು ಮತ್ತೆ ಇದ್ದಂತೆಯೇ ಹೊದಿಸಿದರು.

ಬೇಲಿಯಾಚೆ ಪಕ್ಕದ ಮನೆಯ ಮಹದೇವಮ್ಮ ಎಲೆರಾಶಿಯ ಮುಂದೆ ಕೂತು ಕಡ್ಡಿ ಗೀರುತ್ತಿದ್ದರು.

"ಕಡ್ಡಿ ಬಿಸಾಕು ಕಣಮ್ಮ!" ಕೆಂಪಾಜಮ್ಮ ಕೂಗುತ್ತ ಓಡಿದರು. "ಅದ್ರೊಳ್ಗೆ ಸಂಸಾರಗೊಳು ಅವೆ!"