ಎದುರಿಗೆ ಬಂದ ಓಟು

ಚನ್ನಪಟ್ಟಣದಲ್ಲಿ ಹೆಂಗಸರಿಗೂ ಓಟು ಬಂದ ಮೊದಲ ಸಲ, ಕೆರೆಬಾಗಿಲ ಬೀದಿಯ ಪಟ್ಟಿಯಲ್ಲಿದ್ದ ಹೆಣ್ಣು ಹೆಸರು ಒಂದೇ: ವಿಧವೆ ಕೆಂಚಮ್ಮ. ಸತ್ತ ಗಂಡನ ಹಂಚಿನ ಮನೆಗೆ ಅವಳೇ ಕಂದಾಯ ಕಟ್ಟುತ್ತಿದ್ದಳು. ಅದರ ಹಿತ್ತಲಲ್ಲೇ ರೇಷ್ಮೆಗೂಡು ಬೇಯಿಸಿ ನೂಲು ತೆಗೆದು ಬದುಕುತ್ತಿದ್ದಳು.

ಪುರಸಭೆಗೆ ನಿಂತವರು ಮೂವರು. ಗೂಡಿನ ಸಾಹುಕಾರ ಚನ್ನಲಿಂಗಪ್ಪ, ಜಮೀನ್ದಾರ ರಾಮಲಿಂಗಯ್ಯ, ಮತ್ತೆ ಬಣ್ಣದ ಬೊಂಬೆ ಕಡೆಯುವ ಖಲಂದರ್. ಮೊದಲಿನಿಬ್ಬರೂ ಬೀದಿಗೆ ದೀಪದ ಕಂಬ ಹಾಕಿಸುವುದಾಗಿ ಹೇಳಿದರು, ಅವರವರ ಮನೆಯ ಮುಂದೆ. ಖಲಂದರ್ ಹೇಳಿದ್ದು ಒಂದೇ ಮಾತು: ಊರ ಬಾವಿಯಲ್ಲಿ ಊರಾಚೆ ಕೇರಿಯವರೂ ನೀರು ಸೇದಬೇಕು. ಊರು ನಕ್ಕಿತು. ಕೆಂಚಮ್ಮ ನಗಲಿಲ್ಲ. ಬಾವಿ ಇದ್ದದ್ದು ಅವಳ ಬಾಗಿಲೆದುರಿಗೇ. ಯಾರಾದರೂ ಪುಣ್ಯಾತ್ಮರು ಬಂದು ಕೊಡಕ್ಕೆ ಸುರಿಯಲಿ ಎಂದು ಆ ಕೇರಿಯ ಹೆಂಗಸರು ಬಿಸಿಲಲ್ಲಿ ಕಾಯುವುದು ಅವಳ ಕಣ್ಣಿಗೆ ದಿನವೂ ಚುಚ್ಚುತ್ತಿತ್ತು.

ಓಟೇನೂ ಗುಟ್ಟಿನದಲ್ಲ. ಚಾವಡಿಯಲ್ಲಿ ಅಧಿಕಾರಿಯೆದುರು ಗಟ್ಟಿಯಾಗಿ ಹೆಸರು ಹೇಳಬೇಕು. ಜಗಲಿಯ ಮೇಲೆ ದೊಡ್ಡವರಿಬ್ಬರೂ ಕಿವಿ ತೆರೆದು ಕೂತಿರುತ್ತಾರೆ.

ಹಿಂದಿನ ದಿನವೇ ಚನ್ನಲಿಂಗಪ್ಪನ ಆಳು ದಾಸಪ್ಪ ಬಂದ. "ನಮ್ಮ ಧಣಿ ಹೆಸರು ಹೇಳ್ದಿದ್ರೆ ನಿಂಗೆ ಗೂಡು ಕೊಡಕ್ಕಿಲ್ಲ ಕಣವ್ವ. ಆಮೇಲೆ, ಓಟಿಗೆ ಒಸಿ ಹೊತ್ತಿಳಿದ ಮ್ಯಾಕೆ ಬಾ. ಬೆಳಿಗ್ಗೇನೆ ಧಣಿಗೆ ಎದ್ರು ಬಂದ್ಬುಟ್ಟೀಯ."

"ಓಟು ಬೇಕು, ಮೊಕ ಬ್ಯಾಡ. ಚೆನ್ನಾಗೈತೆ ನಿಮ್ಮ ಮಡಿ," ಎಂದಳು ಕೆಂಚಮ್ಮ.

ಮರುದಿನ ಬೆಳಿಗ್ಗೆ ಅವಳು ಒಲೆಯನ್ನೂ ಹಚ್ಚಲಿಲ್ಲ. ಗೂಡಿಲ್ಲದೆ ನಾಳೆಯಿಂದ ಒಲೆ ಹೇಗೆ ಉರಿದೀತು ಎಂಬ ಯೋಚನೆ ಬಿಡಲಿಲ್ಲ; ಕಾಲು ಮಾತ್ರ ಚಾವಡಿಯ ಕಡೆಗೇ ನಡೆಯಿತು. ಮೂರು ದಾರಿ ಕೂಡುವಲ್ಲಿ ಚನ್ನಲಿಂಗಪ್ಪ ಒಂದು ಬೀದಿಯಿಂದ ಜರಿಪೇಟ ಸುತ್ತಿ ಬಂದ. ರಾಮಲಿಂಗಯ್ಯ ಇನ್ನೊಂದರಿಂದ ಜಟಕಾದಲ್ಲಿ ಬಂದ. ನಟ್ಟನಡುವೆ ಬೋಳು ಹಣೆಯ ಕೆಂಚಮ್ಮ. ಪೇಟ ಹಿಂದಕ್ಕೆ ತಿರುಗಿತು, ಜಟಕಾವೂ ತಿರುಗಿತು. ವಿಧವೆ ಎದುರಾದರೆ ಮನೆಗೆ ಮರಳಿ, ಕಾಲು ತೊಳೆದು, ಒಂದು ಗಳಿಗೆ ಕೂತು, ನೀರು ಕುಡಿದು ಮತ್ತೆ ಹೊರಡಬೇಕಲ್ಲ.

ಚಾವಡಿಯ ಜಗಲಿ ಬರಿದಾಗಿತ್ತು. ಕೆಂಚಮ್ಮ ಮೊದಲಿಗಳಾಗಿ ನಿಂತು, "ಬೊಂಬೆ ಖಲಂದರಣ್ಣ," ಎಂದಳು. ಬೀದಿಯ ಕೊನೆಗೂ ಕೇಳಿಸಿತು.

ಹಿಂದೆ ನಿಂತಿದ್ದ ಗಾಣದ ಬೋರಲಿಂಗಯ್ಯ ಜಗಲಿ ನೋಡಿದ, ಪಕ್ಕದವನ ಪಕ್ಕೆಗೆ ತಿವಿದ. "ಲೇ, ಕಿವಿಗಳು ನೀರು ಕುಡಿಯಕ್ಕೆ ಹೋಗವೆ. ಬಿರ್ರನೆ ಹೇಳ್ಲಾ."

ದೊಡ್ಡವರಿಬ್ಬರೂ ಅಪಶಕುನ ತೊಳೆದುಕೊಂಡು ಬರುವಷ್ಟರಲ್ಲಿ ಖಲಂದರನಿಗೆ ಹತ್ತೊಂಬತ್ತು ಓಟು ಬಿದ್ದಿತ್ತು. ಆಮೇಲೆ ಒಂದೂ ಬೀಳಲಿಲ್ಲ. ಗೆದ್ದವನು ರಾಮಲಿಂಗಯ್ಯ.

"ಸೋತ್ಬುಟ್ಟೆ ಕಣಕ್ಕ," ಎಂದ ಖಲಂದರ್, ಸಂಜೆ ಅವಳ ಬಾಗಿಲಿಗೆ ಬಂದು.

"ಹತ್ತೊಂಬತ್ತು ಜನ ಬಾಯಿ ಬುಟ್ರು. ಬಾವಿ ಎಲ್ಲೂ ಓಡೋಗಕ್ಕಿಲ್ಲ. ಮುಂದಿನ ಸಲಾನೂ ನಿಂತ್ಕೊ."

ಅವನು ಹೋಗುತ್ತಲೇ ದಾಸಪ್ಪ ಬಂದ. "ನಾಳೆಯಿಂದ ನಿಂಗೆ ಗೂಡಿಲ್ಲ. ಧಣಿ ಮಾತು."

ಕೆಂಚಮ್ಮನಿಗೆ ಬೆಳಿಗ್ಗೆ ಹಿಂದಕ್ಕೆ ತಿರುಗಿದ ಪೇಟ ನೆನಪಾಗಿ ತುಟಿಯಂಚಲ್ಲಿ ನಗು ಬಂತು. "ಆಗ್ಲಪ್ಪ. ಆಳಿನ ಕೈಲಿ ಯಾಕೆ ಹೇಳ್ಕಳ್ಸಾದು. ದಿನಾ ಹೊತ್ತುಟ್ಟೋ ಹೊತ್ಗೆ ನಾನೇ ಧಣಿ ಬಾಗಿಲ್ಗೆ ಬತ್ತೀನಿ. ಅವರು ಹೊರಗೆ ಕಾಲಿಡ್ತಿದ್ದಂಗೆ ಎದ್ರು ನಿಂತ್ಕೊಂಡು ಕೇಳ್ಕೊತೀನಿ."

ದಾಸಪ್ಪ ಎದ್ದೆನೋ ಬಿದ್ದೆನೋ ಎಂದು ಓಡಿದ.

ಬೆಳಿಗ್ಗೆ ಅವಳು ಕದ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಗೂಡಿನ ಮೂಟೆ ಕೂತಿತ್ತು. ಬಿಚ್ಚಿ ನೋಡಿದಳು. ಎಂದಿಗಿಂತ ಒಳ್ಳೆಯ ಗೂಡು.