ಖಾಲಿ ಮಂಚದ ಮರ್ಯಾದೆ

ನಾನು ಒಂದು ಕಬ್ಬಿಣದ ಮಂಚ. ಊರಿನ ಹೆಸರು ಕೇಳಬೇಡಿ, ಹೇಳುವ ಮುಖ ನನಗಿಲ್ಲ. ಬಡಗಣ ಸೀಮೆಯ ಒಂದು ನಗರ, ಧೂಳಿಗೂ ಮಾತಿಗೂ ಬರವಿಲ್ಲದ ನಗರ ಎಂದರೆ ಸಾಕು. ಅಲ್ಲಿಯ ಒಂದು ಶೆಡ್ಡಿನಲ್ಲಿ ಮೆಹಬೂಬಸಾಬ ಎಂಬ ವೆಲ್ಡರ್ ನನ್ನನ್ನು ಹುಟ್ಟಿಸಿದ. ಪೈಪು ಕತ್ತರಿಸಿ, ಬಗ್ಗಿಸಿ, ಕಿಡಿ ಹಾರಿಸಿ ಬೆಸೆದ. ಕೊನೆಗೆ ತಾನೇ ನನ್ನ ಮೇಲೆ ಮಲಗಿ ಆ ಕಡೆ ಈ ಕಡೆ ಹೊರಳಿ ನೋಡಿದ. ನಾನು ಕಿರ್ ಎನ್ನಲಿಲ್ಲ.

"ಆನಿ ಬಂದು ಮಲಗಿದ್ರೂ ಜಪ್ಪಯ್ಯ ಅನ್ನಂಗಿಲ್ಲ ನೋಡು ಇದು" ಎಂದು ಪಕ್ಕದವನಿಗೆ ಹೇಳಿದ. ಆ ಮಾತಿಗೆ ನನ್ನ ತಲೆಗೇರಿದ ಜಂಬ ಬಹಳ ಕಾಲ ಇಳಿಯಲಿಲ್ಲ.

ಮೊದಲು ನನ್ನನ್ನು ಸರಕಾರಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಹಾಕಿದರು. ಹೊಸದಾಗಿ ಬಂದ ಹುಡುಗಿಯರು ಒಂದಷ್ಟು ದಿನ ದಿಂಬಿಗೆ ಮುಖ ಒತ್ತಿ ಅಳುತ್ತಿದ್ದರು. ಆಮೇಲೆ ನನ್ನ ಮೇಲೆ ಕುಣಿಯುತ್ತಿದ್ದರು. ನನ್ನ ತಲೆಭಾಗದ ಪಟ್ಟಿಯ ಮೇಲೆ ಕೈವಾರದ ಮೊನೆಯಿಂದ ಹೆಸರು ಕೊರೆಯುತ್ತಿದ್ದರು. ರಜೆ ಬಂತೆಂದರೆ ಟ್ರಂಕು ಎತ್ತಿಕೊಂಡು ಎಲ್ಲರೂ ಊರಿಗೆ. ಆಗ ನಾನು ಖಾಲಿ ಇರುತ್ತಿದ್ದೆ, ಖಾಲಿ ಇರುವುದರಲ್ಲಿ ಸುಖವನ್ನೂ ಪಡುತ್ತಿದ್ದೆ. ನನ್ನ ಮೇಲೆ ಮಲಗುವವರಿಗೆಲ್ಲ ಎಲ್ಲೋ ಒಂದು ಮನೆ ಇದ್ದೇ ಇರುತ್ತದೆ ಎಂದು ತಿಳಿದಿದ್ದೆ. ಎಂಥ ದಡ್ಡ ನಾನು!

ಹಾಸ್ಟೆಲ್ಲಿಗೆ ಹೊಸ ಮಂಚಗಳು ಬಂದಾಗ ನಮಗೆಲ್ಲ ಬೂದು ಬಣ್ಣ ಬಳಿದು ಪಾಲಿಕೆಯ ಹಳೆಯ ಗೋದಾಮಿಗೆ ಸಾಗಿಸಿದರು. ಅದರ ಬಾಗಿಲ ಮೇಲೆ 'ವಸತಿರಹಿತ ಮಹಿಳೆಯರ ಆಶ್ರಯ ಕೇಂದ್ರ' ಎಂಬ ಬೋರ್ಡು. ಹಾಸ್ಟೆಲ್ಲಿನಲ್ಲಿ ಮೆರೆದ ನಾನು ಮೊದಮೊದಲು ಮೂಗು ಮುರಿದೆ. ಇಲ್ಲಿ ಟ್ರಂಕಿಲ್ಲ, ಬರೀ ಗಂಟುಗಳು. ಕುಣಿತವಿಲ್ಲ, ಬರೀ ಕೆಮ್ಮು. ಮತ್ತೆ ಇಲ್ಲಿಗೆ ಬಂದವರಿಗೆ ರಜೆ ಎಂಬುದೇ ಇರಲಿಲ್ಲ.

ನನ್ನ ಪಾಲಿಗೆ ಬಂದವಳು ತುಂಗವ್ವ. ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಆರಿಸುವ ಕೆಲಸ ಅವಳದು. ದಿನವಿಡೀ ಕುಕ್ಕರಗಾಲಲ್ಲಿ ಕೂತು ಕೊಳೆತದ್ದನ್ನು ಬೇರೆ ಮಾಡಿ ಬಂದರೆ ಸಂಜೆಗೆ ಕಾಲು ಬಾತು ಹೋಗಿರುತ್ತಿತ್ತು. ಅವಳೂ ಗಂಡನೂ ರೈಲ್ವೆ ಗೇಟಿನ ಹತ್ತಿರದ ಚಾಳಿನಲ್ಲಿ ಬಾಡಿಗೆಗೆ ಇದ್ದವರು. ಗಂಡ ತೀರಿಕೊಂಡ. ಆಮೇಲೆ ಮೇಲ್ಸೇತುವೆ ಬರುತ್ತದೆಂದು ಚಾಳನ್ನೂ ಕೆಡವಿದರು. ಪರಿಹಾರ ಚಾಳಿನ ಮಾಲೀಕನಿಗೆ ಸಿಕ್ಕಿತು. ಬಾಡಿಗೆಯವರಿಗೆ ಬೇರೆ ಕಡೆ ನೋಡಿಕೊಳ್ಳಿ ಎಂಬ ಮಾತು ಸಿಕ್ಕಿತು. ತುಂಗವ್ವ ನೋಡಿಕೊಂಡಳು, ಊರೆಲ್ಲ ಅಲೆದಳು. ಒಂಟಿ ಮುದುಕಿಗೆ, ಅವಳ ಕೈಗೆ ಎಟುಕುವ ಬಾಡಿಗೆಗೆ, ಒಂದು ಕೋಣೆಯೂ ಸಿಗಲಿಲ್ಲ.

ಮೊದಲ ದಿನ ಅವಳು ನನ್ನ ಮೇಲೆ ಮಲಗಲು ಅಂಜಿದಳು. ನನ್ನ ಪಕ್ಕದಲ್ಲಿ ನೆಲದ ಮೇಲೆ ಸೀರೆ ಹಾಸಿಕೊಂಡಳು. "ಮಂಚ ಇರೂದು ಮಲಗಾಕ ಯವ್ವಾ, ಪೂಜಿ ಮಾಡಾಕಲ್ಲ" ಎಂದು ಕೇಂದ್ರ ನೋಡಿಕೊಳ್ಳುತ್ತಿದ್ದ ಫಕೀರಪ್ಪ ಗದರಿದ ಮೇಲೆ ಹತ್ತಿದಳು. ಹತ್ತಿದವಳು ಬಾತ ಕಾಲು ಚಾಚಿ ಒಂದು ಉಸಿರು ಬಿಟ್ಟಳು ನೋಡಿ, ಅಂದೇ ನನ್ನ ಮೂಗು ಮುರಿಯುವ ಚಾಳಿ ಬಿಟ್ಟು ಹೋಯಿತು. ಅದುವರೆಗೆ ಯಾರಿಗೂ ನಾನು ಅಷ್ಟೊಂದು ಬೇಕಾಗಿರಲಿಲ್ಲ.

ಫಕೀರಪ್ಪ ಕೆಟ್ಟವನಲ್ಲ. ಗುತ್ತಿಗೆ ಕೆಲಸದವನು, ಮೇಲಿನವರು ಕೆಮ್ಮಿದರೂ ಬೆವರುವವನು, ಅಷ್ಟೇ. ಒಂದು ದಿನ ಅವನು ಓಡುತ್ತ ಬಂದು ಸುದ್ದಿ ಹೇಳಿದ. ನಗರದ ವಸತಿ ಯೋಜನೆಯನ್ನು ಹೊಸದಾಗಿ ತಿದ್ದುತ್ತಾರಂತೆ. ಬಡವರಿಗೆ ಎಲ್ಲಿ ಅಗ್ಗದ ಮನೆ ಕಟ್ಟಬೇಕು, ಬೀದಿಯಲ್ಲಿ ಮಲಗುವವರಿಗೆ ಏನು ವ್ಯವಸ್ಥೆ ಬೇಕು ಎಂದು ದೊಡ್ಡ ಅಧಿಕಾರಿ ಪ್ರತಿಮಾ ಮೇಡಂ ನಾಳೆ ತಾವೇ ಬಂದು ಕಣ್ಣಾರೆ ನೋಡುತ್ತಾರಂತೆ. ಅವರ ಮನಸ್ಸಿಗೆ ಬಂದರೆ ಮಲಗಲು ಇನ್ನೊಂದು ಕೋಣೆ, ಬಚ್ಚಲು, ಬಿಸಿನೀರು ಎಲ್ಲ ಆದೀತು.

"ಮನಿಗೆ ಬೀಗರು ಬಂದಂಗ ನೋಡ್ರವಾ. ಎಲ್ಲಾ ಲಕಲಕ ಅನಬೇಕು" ಎಂದ.

"ನಮ್ಮ ಗಂಟು ಎಲ್ಲಿ ಇಡೂಣು?" ತುಂಗವ್ವ ಕೇಳಿದಳು.

"ನೀರಿನ ಟಾಕಿ ಹಿಂದ ಇಡ್ರಿ. ನೀವೂ ಒಂದೀಟು ಹೊತ್ತು ಹೊರಗ ಕುಂತಿರ್ರಿ. ಹಾಸಿಗಿ ಮ್ಯಾಲ ಮಂದಿ ಬಿದ್ಕೊಂಡಿದ್ರ ಚಂದ ಕಾಣಂಗಿಲ್ಲ."

ಯಾರಾದರೂ ಬೇಡ ಎನ್ನುತ್ತಾರೆಂದು ನಾನು ಕಾದೆ. ಯಾರೂ ಎನ್ನಲಿಲ್ಲ. ಎನ್ನುವುದಿರಲಿ, ಅವರಿಗೆ ಆ ಮಾತು ಹಿತವಾಗಿಯೇ ಕೇಳಿಸಿತು. ತಮ್ಮನ್ನು ಇಂಥ ಜಾಗದಲ್ಲಿ ದೊಡ್ಡವರು ನೋಡುವುದು ಅವರಿಗೂ ಬೇಡವಾಗಿತ್ತು. "ಖರೇ ಐತಿ. ನಮ್ಮ ಮಾರಿ ನೋಡಿ ಅವರರ ಏನ್ ಮಾಡ್ತಾರ" ಎಂದಳು ತುಂಗವ್ವ.

ಮರುದಿನ ಅವಳಿಗೆ ಜ್ವರ. ಕೆಲಸಕ್ಕೂ ಹೋಗದೆ ನನ್ನ ಮೇಲೆ ಮುದುಡಿ ಮಲಗಿದ್ದಳು. ಜೀಪು ತಿರುವಿನಲ್ಲಿ ಕಂಡಿತೆಂದು ಫಕೀರಪ್ಪ ಕೂಗಿದ ಕೂಡಲೇ ಎದ್ದಳು. ಎದ್ದವಳು ಸುಮ್ಮನೆ ಹೋಗಬಾರದೇ? ಬೀರುವಿನಲ್ಲಿ ಸಾಹೇಬರಿಗೆಂದೇ ಇಟ್ಟಿದ್ದ ಬಿಳಿ ಚಾದರವನ್ನು ತಾನೇ ನನ್ನ ಮೇಲೆ ಹಾಸಿ, ಸುಕ್ಕು ತೀಡಿ, ಅಂಚು ಒಳಗೆ ಸಿಕ್ಕಿಸಿ, ನಡುಗುತ್ತ ಹೊರಗೆ ಹೋದಳು. ರಸ್ತೆಯಾಚೆ ಬೇವಿನ ಮರದ ಕೆಳಗೆ ಉಳಿದವರೊಡನೆ ಸೆರಗು ಹೊದ್ದು ಕೂತಳು. ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಆದರೂ ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ನಾನು ಹೊಸ ಚಾದರದ ಬೆಡಗಿನಲ್ಲೇ ಮೈಮರೆತಿದ್ದೆ.

ಪ್ರತಿಮಾ ಮೇಡಂ ಬಂದರು. ಸೌಮ್ಯ ಮುಖದ ಹೆಂಗಸು. ಸುತ್ತ ನೋಡಿ, "ಎಷ್ಟು ಚೆನ್ನಾಗಿ ಇಟ್ಕೊಂಡಿದೀರ! ಆದ್ರೆ ಯಾರೂ ಕಾಣ್ತಿಲ್ವಲ್ಲ?" ಎಂದರು.

"ಎಲ್ಲಾ ಖಾಲಿ ಅದಾವ್ರಿ ಮೇಡಂ. ಕುಂದರ್ರಿ, ಕುಂದರ್ರಿ" ಎಂದ ಫಕೀರಪ್ಪ. ಹಲ್ಲು ಕಿಸಿಯುತ್ತ ನನ್ನನ್ನೇ ತೋರಿಸಿದ.

ಅವರು ನನ್ನ ಮೇಲೆ ಕೂತರು. ಹಾಸಿಗೆಯ ಮೇಲೆ ಕೈಯಿಟ್ಟರು. ಚಾದರದ ಕೆಳಗೆ ತುಂಗವ್ವನ ಜ್ವರದ ಬಿಸಿ ಇನ್ನೂ ಆರಿರಲಿಲ್ಲ. ಈಗ ಕೇಳುತ್ತಾರೆ, ಯಾರು ಮಲಗಿದ್ದರು ಎಂದು ಈಗ ಕೇಳಿಯೇ ಕೇಳುತ್ತಾರೆ!

"ಬೆಚ್ಚಗಿದೆ. ಇಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತೆ ಅಲ್ವಾ?" ಎಂದರು ಮೇಡಂ.

"ಹೌದ್ರಿ ಮೇಡಂ" ಎಂದ ಫಕೀರಪ್ಪ. ನಾನಿದ್ದ ಕಡೆಗೆ ಬಿಸಿಲು ಬಿದ್ದುದನ್ನು ನಾನು ಒಂದು ದಿನವೂ ಕಂಡವನಲ್ಲ. ಮೇಡಂ ಸಮಾಧಾನದಿಂದ ಎದ್ದು, ಬಾಗಿಲಲ್ಲಿ ಹೆಂಗಸರು ಹಾಕಿದ್ದ ರಂಗೋಲಿಯನ್ನು ತುಳಿಯದಂತೆ ದಾಟಿ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಯೋಜನೆ ಹೊರಬಿತ್ತು. ಫಕೀರಪ್ಪ ಪೇಪರು ಹಿಡಿದು ನನ್ನ ಅಂಚಿಗೆ ಕುಸಿದು ಕೂತ. ಮಹಿಳಾ ಕೇಂದ್ರಕ್ಕೆ ಬೇಡಿಕೆ ಇಲ್ಲ, ಮಂಚಗಳು ಖಾಲಿ ಬಿದ್ದಿವೆ, ಆದ್ದರಿಂದ ಮುಚ್ಚಿ ಕಟ್ಟಡವನ್ನು ತೆರಿಗೆ ಕಚೇರಿಗೆ ಕೊಡುವುದು. ಅವನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ನನಗೋ ಭೂಮಿ ಬಾಯಿ ಬಿಟ್ಟರೆ ಸಾಕೆನಿಸಿತು. ಖಾಲಿ ಮಂಚ ಎಂದರೆ ನಾನೇ ತಾನೆ? ಬಿಳಿ ಚಾದರ ಹೊದ್ದು, ಜಪ್ಪಯ್ಯ ಅನ್ನದೆ ನಿಂತು ಸಾಕ್ಷಿ ಹೇಳಿದವನು ನಾನೇ ತಾನೆ? ಒಂದೇ ಒಂದು ಸಲ ಕಿರ್ ಎಂದಿದ್ದರೂ ಆಗುತ್ತಿತ್ತು.

ಹೆಂಗಸರು ಗಂಟು ಕಟ್ಟಿಕೊಂಡು ಹೊರಟ ದಿನ ಫಕೀರಪ್ಪ ತಲೆ ಎತ್ತಲಿಲ್ಲ. ತುಂಗವ್ವ ಹೋಗುವ ಮುಂಚೆ ನೆಲ ಗುಡಿಸಿದಳು. ಆಮೇಲೆ ಬಾಗಿಲಲ್ಲಿ ನಿಂತು ಕೇಳಿದಳು.

"ಯಪ್ಪಾ, ಅವತ್ತ ನಾವು ಏನರ ಹೊಲಸು ಬಿಟ್ಟಿದ್ವೇನು? ಅದಕ್ಕ ಅವರು ಸಿಟ್ಟಾದ್ರೇನು?"

ಫಕೀರಪ್ಪ ಬಾಯಿಗೆ ಟವೆಲು ಒತ್ತಿಕೊಂಡ. ಅಷ್ಟು ಗಟ್ಟಿ ಕಬ್ಬಿಣ ನಾನು, ಆ ಮಾತನ್ನು ತಾಳುವ ಶಕ್ತಿ ನನಗಿರಲಿಲ್ಲ.

ನಮ್ಮನ್ನೆಲ್ಲ ವಾರ್ಡ್ ಕಚೇರಿಯ ಹಿತ್ತಿಲಿಗೆ ತಂದು ಒಂದರ ಮೇಲೊಂದು ಒಟ್ಟಿದರು. ಹರಾಜಾಗಬೇಕು, ಆಗಿಲ್ಲ. ಮೈ ತುಂಬ ತುಕ್ಕು, ಬಣ್ಣ ಸಿಪ್ಪೆ ಏಳುತ್ತಿದೆ. ಫಕೀರಪ್ಪನಿಗೆ ಅಲ್ಲೇ ಕಾವಲುಗಾರನ ಕೆಲಸ ಸಿಕ್ಕಿತು. ಹಿತ್ತಿಲಿಗೆ ಜಾಲರಿ ಬೇಲಿ. ಬೇಲಿಯಾಚೆ ಫುಟ್‌ಪಾತು. ಆ ಫುಟ್‌ಪಾತಿನ ಮೇಲೆ ಒಂದು ದಿನ ತುಂಗವ್ವ ಗೋಣಿತಟ್ಟು ಹಾಸಿಕೊಂಡಳು. ಅವಳಿಗೂ ನನಗೂ ನಡುವೆ ಕೈಯಳತೆ ಜಾಗ. ನಾನು ಖಾಲಿ, ಅವಳು ನೆಲದ ಮೇಲೆ. ಇದಕ್ಕಿಂತ ನಾಚಿಕೆಗೇಡು ಒಂದು ಮಂಚದ ಬಾಳಿನಲ್ಲಿ ಬೇರೇನಿದೆ?

ದಿನಾ ಅವಳನ್ನು ನೋಡಿ ನೋಡಿ ಫಕೀರಪ್ಪನಿಗೆ ಅನ್ನ ಇಳಿಯದಾಯಿತು. ಕೊನೆಗೆ ಒಂದು ದಿನ ಶರ್ಟಿಗೆ ಇಸ್ತ್ರಿ ಮಾಡಿಸಿಕೊಂಡು ಮೇಡಂ ಕಚೇರಿಗೇ ಹೋಗಿ ಹೇಳಿಬಿಟ್ಟ. ಬಂದು ಬೇಲಿಯ ಹತ್ತಿರ ನಿಂತು, "ಎಲ್ಲಾ ಹೇಳೇನವ್ವ. ನಾನ ನಿಮ್ಮನ್ನ ಹೊರಗ ಹಾಕಿದ್ದೆ ಅಂತ ಹೇಳೇನಿ. ನೌಕರಿ ಹೋದ್ರ ಹೋಗ್ಲಿ" ಎಂದ. ಮೇಡಂ ಏನೂ ಬೈಯಲಿಲ್ಲವಂತೆ. ಅಂದು ನನ್ನ ಮೇಲೆ ಇಟ್ಟಿದ್ದ ಅಂಗೈಯನ್ನೇ ತಿರುಗಿಸಿ ನೋಡಿಕೊಂಡರಂತೆ.

ಅಮಾವಾಸ್ಯೆಯ ಮಧ್ಯಾಹ್ನ, ಮಾರುಕಟ್ಟೆಗೆ ರಜೆ. ತುಂಗವ್ವ ಗೋಣಿತಟ್ಟಿನ ಮೇಲೆ ಮಲಗಿದ್ದಳು. ರಸ್ತೆಯ ಆ ತುದಿಯಲ್ಲಿ ಜೀಪು ನಿಂತಿತು. ಮೇಡಂ ಇಳಿದು ನಡೆದು ಬರುತ್ತಿದ್ದರು. ನೋಡಿದ್ದೇ ತಡ, ತುಂಗವ್ವ ಧಡಬಡಿಸಿ ಎದ್ದಳು. ಗೋಣಿತಟ್ಟು ಮಡಚಿ, ಗಂಟನ್ನು ಬೇಲಿಗೆ ಒತ್ತಿ, ಸೆರಗು ಎಳೆದುಕೊಂಡು, ದಾರಿಹೋಕಳಂತೆ ಅತ್ತ ಹೊರಡಲು ನೋಡಿದಳು. ಎಷ್ಟು ಅಚ್ಚುಕಟ್ಟಾಗಿ ಮರೆಯಾಗುತ್ತಿದ್ದಳು!

ಫಕೀರಪ್ಪ ಗೇಟಿನಿಂದ ಓಡಿ ಬಂದು ಅಡ್ಡ ನಿಂತ. "ಮಡಚಬ್ಯಾಡ ಯವ್ವಾ. ನಿನ್ನ ಕಾಲಿಗೆ ಬೀಳ್ತೇನಿ. ಹಂಗ ಇರ್ಲಿ, ನೋಡ್ಲಿ ಅವರು."

"ನಾಚಿಕಿ ಆಕ್ಕೈತೋ ಯಪ್ಪಾ" ಎಂದಳು.

ಆದರೂ ಗೋಣಿತಟ್ಟನ್ನು ಮತ್ತೆ ಹಾಸಿದಳು. ಅದರ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮೇಡಂ ಬಂದರು. ಗೋಣಿತಟ್ಟಿನ ಅಂಚಿಗೆ ಬಂದವರು ನಿಂತು, ಬೇರೆಯವರ ಮನೆಯ ಹೊಸ್ತಿಲಲ್ಲಿ ಮಾಡುವಂತೆ ಚಪ್ಪಲಿ ಬಿಟ್ಟರು.

"ಅಮ್ಮಾ, ನೀವು ಮಲಗೋದು ಎಲ್ಲಿ?"

ತುಂಗವ್ವ ಸೆರಗಿನ ಮರೆಯಿಂದಲೇ ಕೈ ಚಾಚಿ ನೆಲ ಮುಟ್ಟಿದಳು. "ಇಲ್ಲೇರಿ." ಅಷ್ಟು ಹೇಳಿದವಳಿಗೆ ಮೇಡಂ ಅವರ ಬರಿಗಾಲು ಕಂಡಿರಬೇಕು. ಗಾಬರಿಯಿಂದ ಸೆರಗು ಸರಿಸಿ, ಗೋಣಿತಟ್ಟಿನ ಒಂದು ಬದಿಗೆ ಸರಿದು ಜಾಗ ಮಾಡಿದಳು.

"ಚಪ್ಪಲಿ ಯಾಕ ಬಿಟ್ರಿ ತಾಯಿ? ಕಾಲು ಸುಡ್ತಾವ. ಇದರ ಮ್ಯಾಲ ಬರ್ರಿ."