ಹೊಕ್ಕುಳ ಮೇಲಿನ ಲೋಟ

ನೀರು ಅಲುಗಲಿಲ್ಲ. ಗರಡಿಯ ಕೆಮ್ಮಣ್ಣಿನ ಮೇಲೆ ಅಂಗಾತ ಮಲಗಿ, ಕಾಲೆರಡನ್ನೂ ಗೇಣೆತ್ತರಕ್ಕೆ ಎತ್ತಿ ಹಿಡಿದಿದ್ದ ಮರಿಸಿದ್ದಯ್ಯ. ಹೊಕ್ಕುಳ ಮೇಲೆ ಅಂಚಿನವರೆಗೂ ತುಂಬಿದ ಹಿತ್ತಾಳೆ ಲೋಟ. ಇಂಗ್ಲಿಷ್ ಪಾಠ ಹೇಳುವ ಬಿ.ಎ. ಮೇಷ್ಟರು ಲಂಗೋಟಿಯಲ್ಲಿ ಮಲಗಿದ್ದನ್ನು ನೋಡಲು ಮದ್ದೂರಿನ ಅರ್ಧ ಪೇಟೆಯೇ ನೆರೆದಿತ್ತು. ನೋಡಲಿ ಎಂದುಕೊಂಡ.

ಬರುವ ಭಾನುವಾರ ಮಂಡ್ಯದಲ್ಲಿ ಗರಡಿಗಳ ಪ್ರದರ್ಶನ. ಹೊಟ್ಟೆಯ ಮೇಲೆ ಚಪ್ಪಡಿ ಇರಿಸಿಕೊಂಡು ಸುತ್ತಿಗೆಯ ಏಟು ತಾಳುವವನು ಒಬ್ಬನೇ. ಅದು ತಾನೋ ವಹಾಬನೋ ಎಂದು ಗರಡಿಯ ಉಸ್ತಾದ್ ನಯಾಜ್ ಪಾಷಾ ಇವತ್ತು ಈ ಲೋಟದ ಪರೀಕ್ಷೆ ನೋಡಿ ಹೇಳಬೇಕು.

ವಹಾಬ್ ಪಕ್ಕದಲ್ಲೇ, ಅಂಥದೇ ಲೋಟ ಹೊತ್ತು ಮಲಗಿದ್ದ. ಇದ್ದಿಲ ಅನಿಲದಿಂದ ಓಡುವ ಬಸ್ಸಿನ ಒಲೆಗೆ ಗಾಳಿ ಊದುವ ಚಕ್ರ ತಿರುಗಿಸುವ ಮೆಕ್ಯಾನಿಕ್. ಮರಿಸಿದ್ದಯ್ಯ ವರ್ಷವಿಡೀ ಕಾಫಿ ಬಿಟ್ಟು, ದಿನಕ್ಕೆ ನೂರು ದಂಡ ಹೊಡೆದು, ಅರ್ಧ ಗಂಟೆ ಕಾಲೆತ್ತಿ ಹಿಡಿದು ಗಳಿಸಿದ ಹೊಟ್ಟೆಯನ್ನು ಈ ಮಹಾಶಯ ಕೂಲಿಯ ಜೊತೆಗೇ ಪಡೆದಿದ್ದ. ಅದು ಎಷ್ಟು ಸಲೀಸಾಗಿ ಏರಿ ಇಳಿಯುತ್ತಿತ್ತು! ಮರಿಸಿದ್ದಯ್ಯನಿಗೆ ಮೈ ಉರಿಯಿತು.

ಗುಂಪಿನಲ್ಲಿ ಯಾರೋ ಏನೋ ಅಂದರು. ವಹಾಬ್ ಕಿಸಕ್ಕನೆ ನಕ್ಕ. ಅವನ ಲೋಟದ ನೀರು ತುಳುಕಿ ಮಣ್ಣಿಗೆ ಹರಿಯಿತು.

ಗೆದ್ದೆ.

ಉಸ್ತಾದರು ಬಗ್ಗಿ ಇಬ್ಬರನ್ನೂ ನೋಡಿದರು. "ಬಾನುವಾರ ಚಪ್ಡಿ ಕೆಳಗೆ ನೀನೇ ಮನಿಕ್ಕಳ್ಲಾ ವಹಾಬ್."

ಮರಿಸಿದ್ದಯ್ಯ ಲೋಟ ತೆಗೆದಿಟ್ಟು ಎದ್ದು ಕೂತ. "ನನ್ನದು ಒಂದು ಹನಿಯೂ ಚೆಲ್ಲಲಿಲ್ಲವಲ್ಲ?"

"ಚೆಲ್ನಿಲ್ಲ ಮೇಷ್ಟ್ರೇ, ಅದೇ ಕಣಿ ಬಯ. ನೀವು ಉಸ್ರೇ ಬುಡ್ನಿಲ್ಲ. ಒಟ್ಟೆ ಬಿಗಿಯಾಗೂ ಇರ್ಬೇಕು, ಉಸ್ರೂ ಆಡ್ತಿರ್ಬೇಕು. ಇಂಗೆ ಕಟ್ಕೊಂಡ್ರೆ ಮೊದಲ್ನೇ ಏಟ್ಗೇ ಓಗ್ಬುಡ್ತೀರಿ."

ವಹಾಬ್ ಕೈನೀಡಿದ. "ಬನ್ನಿ ಮೇಷ್ಟ್ರೇ, ಟೀ ಕುಡಿಯವ."

"ಕೆಲಸವಿದೆ."

"ಇವತ್ತು ಇಸ್ಕೂಲ್ಗೆ ರಜ ಅಲ್ವಾ, ಏನ್ ಕೆಲ್ಸ?"

"ಇದೆ."

ಭಾನುವಾರ ಚಪ್ಪಡಿಯ ಕೆಳಗೆ ಇವನ ಉಸಿರು ನಿಂತುಹೋಗಲಿ ಎಂದು ಒಂದು ಗಳಿಗೆ ಬಯಸಿದ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ಮನೆಗೆ ಬಂದವನೇ ಕೋಣೆಯ ಚಿಲಕ ಹಾಕಿಕೊಂಡ. ಮಲಗಿ ಕಾಲೆತ್ತಿ ಲೋಟ ಇಟ್ಟುಕೊಂಡ. ಕಿಟಕಿಯ ಬಿಸಿಲು ಲೋಟದ ನೀರಿಗೆ ತಾಗಿ, ಮೇಲೆ ಸೂರಿನಲ್ಲಿ ಬೆಳಕಿನ ಬಿಲ್ಲೆಯೊಂದು ಮೂಡಿತು. ಮೆಲ್ಲಗೆ ಉಸಿರು ಬಿಟ್ಟ. ಬಿಲ್ಲೆ ನಡುಗಿತು, ಒಂದು ಹನಿ ಚೆಲ್ಲಿತು. ಚೆಲ್ಲಿದ ಮೇಲೆ ವಹಾಬನಿಗಿಂತ ತಾನು ಯಾವುದರಲ್ಲಿ ಹೆಚ್ಚು? ಮತ್ತೆ ಬಿಗಿಹಿಡಿದ.

"ಮುದ್ದೆ ಆರೋಯ್ತದೆ, ಬನ್ನಿ." ಹೆಂಡತಿ ದೇವಿರಮ್ಮ ಬಾಗಿಲು ತಟ್ಟಿದಳು.

ಉತ್ತರ ಕೊಟ್ಟರೆ ನೀರು ಚೆಲ್ಲುತ್ತಿತ್ತು.

"ಏನ್ರೀ, ಒಳಗಿದ್ದೀರಾ, ಇಲ್ವಾ?"

ಸೂರಿನ ಮೇಲಿನ ಬೆಳಕು ಅಲುಗಲಿಲ್ಲ.